ಸೀಸೆಗೆ ಒಂದು ನಿಯಮ, ಪುಸ್ತಕಕ್ಕೆ ಇನ್ನೊಂದು: ಪರ್ಯಾಯ ಚಿಕಿತ್ಸೆಯ ಬರಹಗಳನ್ನು ಓದುವುದು ಹೇಗೆ

ಹವಳದಿಂದ ತೆಗೆದ ಕ್ಯಾಲ್ಸಿಯಂ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಟಿವಿ ಜಾಹೀರಾತುಗಳಲ್ಲಿ ಸಾರಿದ ಕೆವಿನ್ ಟ್ರುಡೊ ಎಂಬ ಮಾರಾಟಗಾರನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಕ್ರಮ ಕೈಗೊಂಡಿತು. ಮರುವರ್ಷ ಆದ ಒಪ್ಪಂದದಂತೆ ಆತ 20 ಲಕ್ಷ ಡಾಲರ್ ತೆರಬೇಕಾಯಿತು ಮತ್ತು ಅಂಥ ದೀರ್ಘ ಜಾಹೀರಾತುಗಳ ಮೂಲಕ ಯಾವ ವಸ್ತುವನ್ನೂ ಮಾರಬಾರದೆಂಬ ನಿರ್ಬಂಧಕ್ಕೆ ಒಳಗಾದ. ಆದರೆ ಆ ನಿರ್ಬಂಧದಲ್ಲಿ ಒಂದು ವಿನಾಯಿತಿ ಇತ್ತು. ಪುಸ್ತಕದಂಥ ಮಾಹಿತಿ ಪ್ರಕಟಣೆಗಳನ್ನು, ಅವುಗಳಲ್ಲಿ ಏನಿದೆ ಎಂಬುದರ ಬಗ್ಗೆ ಸುಳ್ಳು ಹೇಳದಿದ್ದರೆ, ಆತ ಪ್ರಚಾರ ಮಾಡಬಹುದಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಆ ದೇಶದ ಸಂವಿಧಾನ ಕೊಟ್ಟಿರುವ ರಕ್ಷಣೆಯೇ ಇದಕ್ಕೆ ಆಧಾರ. ಬಳಿಕ ಆತ ನೈಸರ್ಗಿಕ ಚಿಕಿತ್ಸೆಗಳ ಬಗ್ಗೆ ಪ್ರಕಟಿಸಿದ ಪುಸ್ತಕ ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಮುಂದೆ, ತೂಕ ಇಳಿಸುವ ಕುರಿತಾದ ಇನ್ನೊಂದು ಪುಸ್ತಕದಲ್ಲಿದ್ದುದನ್ನು ಜಾಹೀರಾತಿನಲ್ಲಿ ತಿರುಚಿ ಹೇಳಿ ನ್ಯಾಯಾಲಯದ ಆದೇಶವನ್ನು ಮೀರಿದ್ದಕ್ಕಾಗಿ 2014ರಲ್ಲಿ ಆತನಿಗೆ 10 ವರ್ಷಗಳ ಜೈಲು ಶಿಕ್ಷೆಯಾಯಿತು. ಶಿಕ್ಷೆಯ ಕಾರಣವನ್ನು ಗಮನಿಸಬೇಕು. ಪುಸ್ತಕದಲ್ಲಿ ಏನಿದೆ ಎಂಬುದನ್ನು ಜಾಹೀರಾತು ತಪ್ಪಾಗಿ ಹೇಳಿತು ಎಂಬುದಷ್ಟೇ ಅಪರಾಧವಾಯಿತು. ಪುಸ್ತಕದೊಳಗಿನ ವೈದ್ಯಕೀಯ ಮಾತುಗಳು ನಿಜವೋ ಸುಳ್ಳೋ ಎಂಬ ಪ್ರಶ್ನೆ ಆ ವಿಚಾರಣೆಯ ವ್ಯಾಪ್ತಿಯಲ್ಲಿರಲಿಲ್ಲ.

ಔಷಧದ ಸೀಸೆಯ ಮೇಲೆ ಅಚ್ಚಾಗುವ ಪ್ರತಿಯೊಂದು ಮಾತಿಗೂ ಯಾರೋ ಒಬ್ಬರು ಉತ್ತರ ಕೊಡಬೇಕಾಗುತ್ತದೆ, ಆದರೆ ಅದೇ ಮಾತು ಪುಸ್ತಕದ ಪುಟದಲ್ಲಿ ಬಂದರೆ ಸಾಮಾನ್ಯವಾಗಿ ಯಾರೂ ಉತ್ತರ ಕೊಡಬೇಕಿಲ್ಲ. ಪ್ರಕಾಶಕರ ಹೊಣೆಗಾರಿಕೆಯ ಪ್ರಶ್ನೆ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ 1991ರಲ್ಲಿ ಬಂದಾಗಲೂ ಇದೇ ಸ್ಪಷ್ಟವಾಯಿತು. ಅಣಬೆಗಳ ಕುರಿತ ವಿಶ್ವಕೋಶವೊಂದನ್ನು ನಂಬಿ ಕಾಡಿನ ಅಣಬೆಗಳನ್ನು ಆರಿಸಿ ತಿಂದ ಇಬ್ಬರು ಯಕೃತ್ತಿನ ಕಸಿ ಮಾಡಿಸಿಕೊಳ್ಳಬೇಕಾದ ಸ್ಥಿತಿಗೆ ಬಂದಿದ್ದರು. ಪುಸ್ತಕದಲ್ಲಿರುವ ಮಾಹಿತಿ ಸರಿಯೇ ಎಂದು ಪರಿಶೀಲಿಸುವ ಕಾನೂನಾತ್ಮಕ ಕರ್ತವ್ಯ ಪ್ರಕಾಶಕರಿಗೆ ಇಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ವಿಚಾರಗಳ ಮುಕ್ತ ಹರಿವಿಗೆ ತಡೆಯಾಗಬಾರದೆಂಬ ಆ ತರ್ಕವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಪುಸ್ತಕಗಳನ್ನು ಅಚ್ಚಿಗೆ ಮೊದಲೇ ಸೋಸಲು ಸರ್ಕಾರಕ್ಕೆ ಅಧಿಕಾರ ಕೊಡುವುದು ಇನ್ನೂ ದೊಡ್ಡ ಅಪಾಯ. ಆದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ತೆರುವವರು ಓದುಗರು, ಅದರಲ್ಲೂ ರೋಗದಿಂದ ಕಂಗೆಟ್ಟಿರುವ ಓದುಗರು. ಆದ್ದರಿಂದ ಪರೀಕ್ಷೆಯ ಕೆಲಸವೂ ಅವರ ಹೆಗಲಿಗೇ ಬೀಳುತ್ತದೆ, ಮತ್ತು ಅವರ ಕೈಗೆ ಒಂದು ಅಳತೆಗೋಲು ಬೇಕಾಗುತ್ತದೆ.

ಇಂಥ ಪುಸ್ತಕಗಳನ್ನು ಕೊಳ್ಳುವವರನ್ನು ಮುಗ್ಧರೆಂದು ತಳ್ಳಿಹಾಕುವುದು ತಪ್ಪು. ವೈದ್ಯರ ಕೊಠಡಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಮಾತುಕತೆಯಲ್ಲಿ ರೋಗಿಯ ನಿದ್ರೆ, ಭಯ, ಕೆಲಸದ ಒತ್ತಡ, ಮನೆಯ ದುಃಖ ಯಾವುದಕ್ಕೂ ಜಾಗವಿರುವುದಿಲ್ಲ. ಪುಸ್ತಕವಾದರೋ ಮುನ್ನೂರು ಪುಟಗಳಷ್ಟು ಸಾವಧಾನದಿಂದ ಮಾತನಾಡುತ್ತದೆ. ದೀರ್ಘಕಾಲದ ನೋವು, ಸುಸ್ತು, ಕರುಳಿನ ತೊಂದರೆಗಳಿಗೆ ಆಧುನಿಕ ವೈದ್ಯಕೀಯದಲ್ಲೂ ಪೂರ್ಣ ಪರಿಹಾರ ಇಲ್ಲದಿರುವಾಗ ಬೇರೆಡೆ ಹುಡುಕುವುದು ಸಹಜ. ವೈದ್ಯಜ್ಞಾನವನ್ನು ಜನರ ಕೈಗೆ ಕೊಡುವ ಹಂಬಲಕ್ಕೂ ದೊಡ್ಡ ಇತಿಹಾಸವಿದೆ. ಲಂಡನ್ ವೈದ್ಯರ ಸಂಸ್ಥೆ ಲ್ಯಾಟಿನ್‌ನಲ್ಲಿ ಕಾಯ್ದಿಟ್ಟುಕೊಂಡಿದ್ದ ಔಷಧಸೂಚಿಯನ್ನು ನಿಕೋಲಸ್ ಕಲ್ಪೆಪರ್ 1649ರಲ್ಲಿ ಇಂಗ್ಲಿಷಿಗೆ ತಂದಾಗ ವೈದ್ಯರು ಕೆರಳಿದರು. ಬಡವರು ಅದನ್ನು ಓದಿ ಬಳಸಿದರು. 'ಸಮಗ್ರ' ಎಂಬ ಪರಿಕಲ್ಪನೆಯ ಹಿಂದೆಯೂ ಗಂಭೀರ ಚಿಂತನೆ ಇದೆ. ಇಂಗ್ಲಿಷಿನ 'ಹೋಲಿಸಂ' ಎಂಬ ಪದವನ್ನು 1926ರಲ್ಲಿ ಟಂಕಿಸಿದ ಯಾನ್ ಸ್ಮಟ್ಸ್ ವೈದ್ಯರಲ್ಲ, ರಾಜಕಾರಣಿ. ರೋಗವನ್ನು ದೇಹ, ಮನಸ್ಸು, ಸಮಾಜ ಮೂರರ ಹೆಣಿಗೆಯಲ್ಲಿ ನೋಡಬೇಕೆಂದು 1977ರಲ್ಲಿ ವಾದಿಸಿದ ಜಾರ್ಜ್ ಎಂಗೆಲ್ ಮಾತ್ರ ಮುಖ್ಯವಾಹಿನಿಯ ವೈದ್ಯರೇ. ಮನುಷ್ಯನನ್ನು ಇಡಿಯಾಗಿ ನೋಡಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆ ಬೇಡಿಕೆಯನ್ನು ಮುಂದಿಟ್ಟ ಮಾತ್ರಕ್ಕೆ ಪುಸ್ತಕ ಸೂಚಿಸುವ ಚಿಕಿತ್ಸೆಯೂ ಸರಿಯಾಗಿಬಿಡುವುದಿಲ್ಲ.

ಮುಖಪುಟದ ಪದಗಳಿಂದಲೇ ಪರೀಕ್ಷೆಯನ್ನು ಆರಂಭಿಸಬಹುದು. 'ಪರ್ಯಾಯ' ಎಂದರೆ ಒಂದರ ಬದಲಿಗೆ ಇನ್ನೊಂದು. 'ಪೂರಕ' ಎಂದರೆ ಒಂದರ ಜೊತೆಗೆ ಇನ್ನೊಂದು. ಅನೇಕ ಪುಸ್ತಕಗಳು ಈ ಎರಡನ್ನೂ ಬೇಕೆಂದೇ ಬೆರೆಸುತ್ತವೆ: ಪೀಠಿಕೆಯಲ್ಲಿ 'ನಿಮ್ಮ ವೈದ್ಯರ ಸಲಹೆ ಪಡೆಯಿರಿ' ಎಂಬ ಒಂದು ಸಾಲು, ಒಳಗಿನ ಅಧ್ಯಾಯಗಳಲ್ಲಿ ಕೀಮೋಥೆರಪಿ ವಿಷ ಎಂಬ ಪಾಠ. ಅಮೆರಿಕ ಸರ್ಕಾರದ ಸಂಶೋಧನಾ ಸಂಸ್ಥೆಯ ಹೆಸರಿನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಪರ್ಯಾಯ ವೈದ್ಯದ ಕಚೇರಿಯಾಗಿ ಹುಟ್ಟಿ 1998ರಲ್ಲಿ ಪೂರಕ ಮತ್ತು ಪರ್ಯಾಯ ವೈದ್ಯದ ರಾಷ್ಟ್ರೀಯ ಕೇಂದ್ರವಾದ ಆ ಸಂಸ್ಥೆ 2014ರ ಕೊನೆಯಲ್ಲಿ 'ಪರ್ಯಾಯ' ಎಂಬ ಪದವನ್ನೇ ಕೈಬಿಟ್ಟು ಪೂರಕ ಮತ್ತು ಸಮನ್ವಿತ ಆರೋಗ್ಯದ ಕೇಂದ್ರ ಎಂದು ಹೆಸರು ಬದಲಿಸಿಕೊಂಡಿತು. ಆ ಒಂದು ಪದದ ತೂಕ ಎಷ್ಟೆಂಬುದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರ ಅಧ್ಯಯನವೊಂದರಲ್ಲಿ ತೋರಿಸಿದರು. ಗುಣಪಡಿಸಬಹುದಾದ ಹಂತದಲ್ಲಿದ್ದ ಕ್ಯಾನ್ಸರಿಗೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ರೋಗಿಗಳನ್ನು, ಸಾಮಾನ್ಯ ಚಿಕಿತ್ಸೆ ಪಡೆದ ಹೋಲಿಕೆಯ ರೋಗಿಗಳೊಂದಿಗೆ ಅವರು ಹೋಲಿಸಿದರು. ಸಾವಿನ ಅಪಾಯ ಮೊದಲ ಗುಂಪಿನಲ್ಲಿ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗೂ ಹೆಚ್ಚು ಇತ್ತು. ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತಾನಾಗಿಯೇ ನಿಧಾನವಾಗಿ ಸಾಗುವ ರೋಗದಲ್ಲಿ ಯಾವ ಚಿಕಿತ್ಸೆಯಾದರೂ ಕೆಲಸ ಮಾಡುತ್ತಿರುವಂತೆ ತೋರುತ್ತದೆ, ಮತ್ತು ಪುಸ್ತಕಗಳಲ್ಲಿ ಬರುವ ಎಷ್ಟೋ ಯಶೋಗಾಥೆಗಳ ಮೂಲ ಇದೇ.

ಈ ಯಶೋಗಾಥೆಗಳೇ ಇಂಥ ಪುಸ್ತಕಗಳ ಬೆನ್ನೆಲುಬು. ಒಬ್ಬ ವ್ಯಕ್ತಿ, ಎಲ್ಲರೂ ಕೈಬಿಟ್ಟ ರೋಗ, ಒಂದು ಪಥ್ಯ ಅಥವಾ ಮೂಲಿಕೆ, ಆಮೇಲೆ ಚೇತರಿಕೆ. ಓದುತ್ತಿದ್ದಂತೆ ಕಣ್ಣು ತೇವವಾಗುವ ಈ ಕಥನಗಳು ಬಹಳ ಸಲ ಸುಳ್ಳಾಗಿರುವುದಿಲ್ಲ. ಹೇಳಿದವರು ಪ್ರಾಮಾಣಿಕವಾಗಿಯೇ ಹೇಳಿರುತ್ತಾರೆ. ತೊಡಕು ಬೇರೆಡೆ ಇದೆ. ಅದೇ ಪಥ್ಯವನ್ನು ಅಷ್ಟೇ ಶ್ರದ್ಧೆಯಿಂದ ಅನುಸರಿಸಿ ತೀರಿಕೊಂಡವರು ಲೇಖಕರಿಗೆ ಪತ್ರ ಬರೆಯುವುದಿಲ್ಲ. ಬೇಸತ್ತು ನಡುವೆ ಬಿಟ್ಟವರೂ ಬರೆಯುವುದಿಲ್ಲ. ಉಳಿದು ಬರೆದವರಲ್ಲಿಯೂ ಎಷ್ಟೋ ಮಂದಿ ಆ ಪಥ್ಯದ ಜೊತೆಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿರುತ್ತಾರೆ, ಆದರೆ ಶ್ರೇಯಸ್ಸು ಮಾತ್ರ ಪಥ್ಯಕ್ಕೆ ಸಲ್ಲುತ್ತದೆ. ಇದರ ಜೊತೆಗೆ, ಬೆನ್ನುನೋವು, ತಲೆನೋವು, ಕೀಲುವಾತ, ಚರ್ಮದ ತುರಿಕೆಯಂಥ ಬಾಧೆಗಳು ಏರಿಳಿಯುತ್ತಲೇ ಇರುತ್ತವೆ. ಅವು ತೀರಾ ಏರಿದ ದಿನಗಳಲ್ಲೇ ನಾವು ಪುಸ್ತಕ ಹುಡುಕಲು ಹೋಗುತ್ತೇವೆ, ಮತ್ತು ಏರಿದ್ದು ಇಳಿಯುವ ಹೊತ್ತಿಗೆ ಪುಸ್ತಕದ ಮೂರನೆಯ ಅಧ್ಯಾಯದ ಕಷಾಯ ನಮ್ಮ ಕೈಯಲ್ಲಿರುತ್ತದೆ. ಕಷಾಯ ಕುಡಿಯದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಅದನ್ನು ಕುಡಿಯದ ಅಂಥದೇ ಗುಂಪು ಬೇಕು. ಒಬ್ಬರ ಅನುಭವ ಎಷ್ಟೇ ತೀವ್ರವಾಗಿದ್ದರೂ ಅದೊಂದೇ ಆ ಉತ್ತರವನ್ನು ಕೊಡಲಾರದು.

ಇದಕ್ಕೆ ವಿರುದ್ಧವಾಗಿ ನಿಲ್ಲುವ ಒಂದು ಹಳೆಯ ಪುಸ್ತಕವಿದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರಿಗೆ 1775ರಲ್ಲಿ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಒಂದು ಮನೆಮದ್ದಿನ ಬಗ್ಗೆ ಅಭಿಪ್ರಾಯ ಕೇಳಲಾಯಿತು. ಶ್ರಾಪ್‌ಶೈರ್‌ನ ಒಬ್ಬ ವೃದ್ಧೆ ಗುಟ್ಟಾಗಿ ಇಟ್ಟುಕೊಂಡಿದ್ದ ಆ ಮದ್ದಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದವು. ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಗಿಡ ಎಂದು ವಿದರಿಂಗ್ ಗುರುತಿಸಿ, ಹತ್ತು ವರ್ಷ ಅದನ್ನು ರೋಗಿಗಳಿಗೆ ಕೊಟ್ಟು ಗಮನಿಸಿ, 1785ರಲ್ಲಿ ಪುಸ್ತಕ ಬರೆದರು. ಗೆದ್ದ ರೋಗಿಗಳನ್ನಷ್ಟೇ ಆರಿಸಿ ಬರೆದಿದ್ದರೆ ಔಷಧಕ್ಕೂ ತಮಗೂ ಹೆಸರು ಬರುತ್ತಿತ್ತು, ಆದರೆ ಸತ್ಯವೂ ವಿಜ್ಞಾನವೂ ಅದನ್ನು ಖಂಡಿಸುತ್ತವೆ ಎಂಬ ಕಾರಣಕ್ಕೆ, ಸರಿಯಾಗಿ ಕೊಟ್ಟದ್ದು, ತಪ್ಪಾಗಿ ಕೊಟ್ಟದ್ದು, ಫಲಿಸಿದ್ದು, ಫಲಿಸದ್ದು ಎಲ್ಲವನ್ನೂ ದಾಖಲಿಸಿರುವುದಾಗಿ ಅವರು ಮುನ್ನುಡಿಯಲ್ಲಿಯೇ ಹೇಳುತ್ತಾರೆ. ಎಷ್ಟು ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ, ನಾಡಿ ಕುಸಿಯುತ್ತದೆ ಎಂಬುದೂ ಅಲ್ಲಿದೆ. ಈ ಗಿಡದಿಂದ ಸಿಗುವ ಡಿಜಿಟಾಲಿಸ್ ಹೃದಯರೋಗದ ಔಷಧವಾಗಿ ವೈದ್ಯಕೀಯಕ್ಕೆ ಬಂದದ್ದು ಹೀಗೆ. ಅದರ ಮೂಲ ಜನಪದ ವೈದ್ಯವೇ ಆಗಿತ್ತು. ಅದನ್ನು ಉಳಿಸಿಕೊಟ್ಟದ್ದು ಸೋಲಿನ ಲೆಕ್ಕವನ್ನೂ ಬರೆದಿಟ್ಟ ಒಂದು ಪುಸ್ತಕ. ನಾನು ಮೇಲೆ ಹೇಳಿದ ಅಳತೆಗೋಲು ಇದು: ಈ ಪುಸ್ತಕದಲ್ಲಿ ಗುಣವಾಗದವರು ಎಲ್ಲಿದ್ದಾರೆ?

ಲೇಖಕರ ಬಿರುದುಗಳು ಈ ಪ್ರಶ್ನೆಗೆ ಉತ್ತರವಾಗಲಾರವು. ಲೈನಸ್ ಪೌಲಿಂಗ್ 1954ರಲ್ಲಿ ರಸಾಯನಶಾಸ್ತ್ರಕ್ಕೂ 1962ರ ಶಾಂತಿಗೂ ನೊಬೆಲ್ ಪಡೆದವರು. 20ನೆಯ ಶತಮಾನದ ಮೊದಲ ಸಾಲಿನ ವಿಜ್ಞಾನಿಗಳಲ್ಲಿ ಒಬ್ಬರು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆ ಎಂದು ಅವರು 1970ರಲ್ಲಿ ಪುಸ್ತಕ ಬರೆದರು, ಮುಂದೆ ಅದು ಕ್ಯಾನ್ಸರಿಗೂ ನೆರವಾಗುತ್ತದೆ ಎಂದು ವಾದಿಸಿದರು. ಕ್ಯಾನ್ಸರಿನ ವಾದಕ್ಕೆ ಆಧಾರವಾಗಿದ್ದ ಲೆಕ್ಕ, ವಿಟಮಿನ್ ಪಡೆದ ರೋಗಿಗಳನ್ನು ಹಿಂದಿನ ಆಸ್ಪತ್ರೆ ದಾಖಲೆಗಳಲ್ಲಿದ್ದ ರೋಗಿಗಳೊಂದಿಗೆ ಹೋಲಿಸಿದ್ದಾಗಿತ್ತು. ಮೇಯೊ ಕ್ಲಿನಿಕ್ 1979 ಮತ್ತು 1985ರಲ್ಲಿ ಪ್ರಕಟಿಸಿದ ನಿಯಂತ್ರಿತ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲ. ಪೌಲಿಂಗ್ ಆ ಪ್ರಯೋಗಗಳ ಕ್ರಮವನ್ನು ಒಪ್ಪಲಿಲ್ಲ. ಬಾಯಿಯ ಮೂಲಕ ಕೊಡುವುದಕ್ಕೂ ರಕ್ತನಾಳದ ಮೂಲಕ ಕೊಡುವುದಕ್ಕೂ ಇರುವ ವ್ಯತ್ಯಾಸದ ಚರ್ಚೆ ಅವರ ಬಳಿಕವೂ ಮುಂದುವರಿದಿದೆ. ನೆಗಡಿಯ ವಿಷಯದಲ್ಲಿ ಈಗ ಚಿತ್ರ ಸಾಕಷ್ಟು ಸ್ಪಷ್ಟ: ದಿನವೂ ವಿಟಮಿನ್ ಸಿ ತೆಗೆದುಕೊಂಡರೆ ಸಾಮಾನ್ಯ ಜನರಲ್ಲಿ ನೆಗಡಿಗಳ ಸಂಖ್ಯೆ ಇಳಿಯುವುದಿಲ್ಲ, ಬಂದ ನೆಗಡಿ ವಯಸ್ಕರಲ್ಲಿ ಸುಮಾರು ಶೇ. 8ರಷ್ಟು ಬೇಗ ಮುಗಿಯುತ್ತದೆ. ಇದು ಸಣ್ಣದಾದರೂ ನಿಜವಾದ ಲಾಭ. ಆದರೆ ಇಷ್ಟು ಸಣ್ಣ ಲಾಭದ ಮೇಲೆ ಯಾರೂ ಒಂದು ಇಡೀ ಪುಸ್ತಕವನ್ನು ಮಾರಲಾರರು.

'ನೈಸರ್ಗಿಕ' ಎಂಬ ಪದವನ್ನು 'ನಿರಪಾಯಕಾರಿ' ಎಂದು ಓದಿಸುವುದು ಇಂಥ ಪುಸ್ತಕಗಳ ಅತಿ ಸಾಮಾನ್ಯ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಅಪಾಯದ್ದು. ತೊಂಬತ್ತರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳಿದ್ದ ಗುಳಿಗೆಗಳನ್ನು ತೆಗೆದುಕೊಂಡ ನೂರಕ್ಕೂ ಹೆಚ್ಚು ಮಂದಿಗೆ, ಅವರಲ್ಲಿ ಬಹುಪಾಲು ಮಹಿಳೆಯರಿಗೆ, ಮೂತ್ರಪಿಂಡಗಳು ಹಾಳಾದವು. ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಎಂಬ ವಿಷಯುಕ್ತ ಸಸ್ಯ ಬೆರೆತಿತ್ತು, ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೂ ಬಂತು. ಸರಿಯಾದ ಗಿಡವನ್ನೇ ಬಳಸಿದರೂ ಅಪಾಯ ತಪ್ಪುವುದಿಲ್ಲ. ಮನಸ್ಸಿನ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಸ್ವಲ್ಪಮಟ್ಟಿನ ಖಿನ್ನತೆಯಲ್ಲಿ ನಿಜಕ್ಕೂ ನೆರವಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಆದರೆ ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇತರ ಔಷಧಗಳನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಹೃದಯದ ಕಸಿಯಾದ ಇಬ್ಬರು ರೋಗಿಗಳಲ್ಲಿ ಈ ಮೂಲಿಕೆಯಿಂದಾಗಿ, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಕುಸಿದು ದೇಹವು ಹೊಸ ಹೃದಯವನ್ನು ತಿರಸ್ಕರಿಸತೊಡಗಿದ ಪ್ರಕರಣಗಳು 2000ದಲ್ಲಿ ವರದಿಯಾದವು. ಗರ್ಭನಿರೋಧಕ ಮಾತ್ರೆ, ಎಚ್‌ಐವಿ ಔಷಧಗಳ ಮೇಲೂ ಅದರ ಪರಿಣಾಮ ಇದೇ ಬಗೆಯದು. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದುತ್ತಿರುವವರು ಬೆಳಿಗ್ಗೆ ಯಾವ ಮಾತ್ರೆ ನುಂಗಿದ್ದಾರೆ ಎಂಬುದನ್ನು ಕೇಳಲಾರದು; ಆದ್ದರಿಂದಲೇ ಔಷಧಗಳ ಪರಸ್ಪರ ಪರಿಣಾಮದ ಬಗ್ಗೆ ಒಂದು ಪುಟವನ್ನೂ ಮೀಸಲಿಡದ ಮೂಲಿಕೆಯ ಪುಸ್ತಕವನ್ನು ನಾನು ಯಾರ ಕೈಗೂ ಕೊಡಲಾರೆ. ಇದು ಹೊರಗಿನಿಂದ ಹೇರಿದ ಆಧುನಿಕ ಆಕ್ಷೇಪವೂ ಅಲ್ಲ. ತಿಳಿಯದ ಔಷಧ ವಿಷದಂತೆ, ಶಸ್ತ್ರದಂತೆ, ಬೆಂಕಿಯಂತೆ, ಸಿಡಿಲಿನಂತೆ. ತಿಳಿದು ಕೊಟ್ಟದ್ದು ಅಮೃತದಂತೆ ಎಂದು ಚರಕ ಸಂಹಿತೆಯ ಮೊದಲ ಅಧ್ಯಾಯವೇ ಹೇಳುತ್ತದೆ.

ಮನಸ್ಸಿನಿಂದಲೇ ರೋಗ, ಮನಸ್ಸಿನಿಂದಲೇ ಗುಣ ಎಂದು ಬೋಧಿಸುವ ಪುಸ್ತಕಗಳು ಬೇರೆ ಬಗೆಯ ಗಾಯ ಮಾಡುತ್ತವೆ. ಕೋಪವನ್ನು ನುಂಗಿದ್ದರಿಂದ ಗಡ್ಡೆಯಾಯಿತು, ಕ್ಷಮಿಸಿದರೆ ಕರಗುತ್ತದೆ ಎಂದು ಓದಿದ ರೋಗಿ, ಗಡ್ಡೆ ಕರಗದಿದ್ದಾಗ ತನ್ನನ್ನೇ ದೂಷಿಸಿಕೊಳ್ಳುತ್ತಾನೆ. ಕ್ಷಯರೋಗ ಕೋಮಲ ಸ್ವಭಾವದವರಿಗೆ ಬರುವ ಕಾಯಿಲೆ ಎಂಬ ಕಲ್ಪನೆ, 1882ರಲ್ಲಿ ರಾಬರ್ಟ್ ಕೋಕ್ ಅದರ ರೋಗಾಣುವನ್ನು ತೋರಿಸಿಕೊಡುವವರೆಗೆ, ವಿದ್ಯಾವಂತರಲ್ಲೂ ಇತ್ತು. ಜಠರದ ಹುಣ್ಣನ್ನು ಒತ್ತಡದ ಬದುಕಿನ ಫಲವೆಂದು ವೈದ್ಯರೇ ದಶಕಗಳ ಕಾಲ ನಂಬಿದ್ದರು. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಪಾತ್ರವನ್ನು ಸಾಬೀತು ಮಾಡಿ 2005ರಲ್ಲಿ ನೊಬೆಲ್ ಪಡೆದರು. ತಲೆ ಮತ್ತು ಕತ್ತಿನ ಕ್ಯಾನ್ಸರಿನ 1,093 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭಾವನಾತ್ಮಕ ಸ್ಥಿತಿಗೂ ಬದುಕುಳಿಯುವ ಅವಧಿಗೂ ಸಂಬಂಧ ಕಾಣಲಿಲ್ಲ. ಮನಸ್ಸು ನೆಮ್ಮದಿಯಾಗಿರುವುದು ತನ್ನಷ್ಟಕ್ಕೇ ಒಳ್ಳೆಯದು, ನೋವನ್ನು ಸಹಿಸುವ ಬಲವನ್ನು ಅದು ಕೊಡುತ್ತದೆ. ಸಾಯುತ್ತಿರುವವರಿಗೆ ನೀನು ಸಾಕಷ್ಟು ಧೈರ್ಯವಾಗಿರಲಿಲ್ಲ ಎಂದು ಸೂಚಿಸುವ ಹಕ್ಕು ಮಾತ್ರ ಯಾವ ಲೇಖಕರಿಗೂ ಇಲ್ಲ.

ಈ ಪುಸ್ತಕಗಳಲ್ಲಿ ಪರೀಕ್ಷೆಯನ್ನು ತಾಳಿಕೊಂಡ ಭಾಗಗಳೂ ಇವೆ. ಮಲೇರಿಯಾಕ್ಕೆ ಔಷಧ ಹುಡುಕಲು ಚೀನಾದಲ್ಲಿ 1967ರಲ್ಲಿ ಆರಂಭವಾದ ಯೋಜನೆಯಲ್ಲಿದ್ದ ತೂ ಯೂಯೂ ಅವರಿಗೆ ದಾರಿ ತೋರಿಸಿದ್ದು 4ನೆಯ ಶತಮಾನದ ಗೆ ಹಾಂಗ್‌ನ ಕೈಪಿಡಿ. ಮೂಲಿಕೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂಬ ಅಲ್ಲಿನ ಸಾಲನ್ನು ಓದಿದಾಗ, ಕುದಿಸಿದರೆ ಸತ್ವ ಹಾಳಾಗುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ತೆಗೆದ ಸಾರ ಫಲಿಸಿತು, ಆರ್ಟೆಮಿಸಿನಿನ್ ದೊರೆಯಿತು, 2015ರಲ್ಲಿ ನೊಬೆಲ್ ಬಂತು. ಹಳೆಯ ಪುಸ್ತಕ ಸುಳಿವು ಕೊಟ್ಟಿತು. ಆ ಸುಳಿವನ್ನು ಔಷಧವಾಗಿಸಿದ್ದು ವರ್ಷಗಳ ಪರೀಕ್ಷೆ. ದೀರ್ಘಕಾಲದ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ತಾಯ್ ಚಿ, ಅಕ್ಯುಪಂಕ್ಚರ್, ಧ್ಯಾನಗಳನ್ನು ಪ್ರಯತ್ನಿಸಬೇಕೆಂದು ಅಮೆರಿಕದ ವೈದ್ಯರ ಕಾಲೇಜು ಎಂಬ ವೃತ್ತಿಸಂಸ್ಥೆ 2017ರಲ್ಲಿ ಮಾರ್ಗಸೂಚಿ ನೀಡಿತು. ಅಕ್ಯುಪಂಕ್ಚರ್ ಕುರಿತು ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ, ದೀರ್ಘಕಾಲದ ನೋವಿಗೆ ಅದು ಹುಸಿ ಸೂಜಿಗಿಂತ ತುಸು ಮೇಲು ಎಂದು ಕಂಡಿತು; ಆ 'ತುಸು' ಎಂಬುದು ಮುಖ್ಯ. ಹೋಮಿಯೋಪಥಿಯ ವಿಷಯದಲ್ಲಿ 176 ಅಧ್ಯಯನಗಳನ್ನು ಪರಿಶೀಲಿಸಿದ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ, ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎಂಬುದಕ್ಕೆ ವಿಶ್ವಾಸಾರ್ಹ ಆಧಾರವಿಲ್ಲವೆಂದು 2015ರಲ್ಲಿ ಹೇಳಿತು. ಇವೆಲ್ಲವನ್ನೂ ಒಂದೇ ರಟ್ಟಿನ ನಡುವೆ ಒಂದೇ ದನಿಯಲ್ಲಿ ಹೊಗಳುವ ಪುಸ್ತಕ, ಅವುಗಳಲ್ಲಿ ನಿಜವಾಗಿ ಕೆಲಸ ಮಾಡುವುದಕ್ಕೇ ಅನ್ಯಾಯ ಮಾಡುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸಮಸ್ಯೆ ಇನ್ನೊಂದು ರೂಪ ತಾಳಿದೆ. ಲೇಖಕರು ತಪ್ಪು ಹೇಳಬಹುದೆಂಬ ಆತಂಕದ ಜೊತೆಗೆ ಈಗ ಲೇಖಕರೇ ಇಲ್ಲದಿರಬಹುದೆಂಬ ಆತಂಕ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯಿಂದ ತಯಾರಾದಂತೆ ಕಾಣುವ ಅಣಬೆ ಸಂಗ್ರಹದ ಕೈಪಿಡಿಗಳು ಅಮೆಜಾನ್‌ನಲ್ಲಿ ಮಾರಾಟವಾಗುತ್ತಿವೆ ಎಂದು ನ್ಯೂಯಾರ್ಕಿನ ಅಣಬೆತಜ್ಞರ ಸಂಘ 2023ರಲ್ಲಿ ಎಚ್ಚರಿಸಿತು. ಅದೇ ವರ್ಷ ಅಮೆಜಾನ್ ಸ್ವಯಂಪ್ರಕಾಶನ ಮಾಡುವವರು ಇಂಥ ಬರಹವನ್ನು ತನಗೆ ತಿಳಿಸಬೇಕೆಂದು ನಿಯಮ ಮಾಡಿತು, ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಶೀರ್ಷಿಕೆಗಳನ್ನು ಸೇರಿಸದಂತೆ ಮಿತಿ ಹಾಕಿತು. ದಿನಕ್ಕೆ ಮೂರು ಎಂಬ ಮಿತಿಯೇ ಅಗತ್ಯವಾಯಿತು ಎಂಬುದು ಪರಿಸ್ಥಿತಿಯನ್ನು ಹೇಳುತ್ತದೆ. ಮೂಲಿಕೆಯ ಪ್ರಮಾಣ, ಗರ್ಭಿಣಿಯರಿಗೆ ನಿಷಿದ್ಧವಾದ ಗಿಡ, ವಿಷಕಾರಿ ಹೋಲಿಕೆಯ ಸಸ್ಯ, ಇವುಗಳ ಬಗ್ಗೆ ನಿರರ್ಗಳವಾಗಿ ಬರೆದ ವಾಕ್ಯದ ಹಿಂದೆ ಒಂದು ಎಲೆಯನ್ನೂ ಮುಟ್ಟಿ ನೋಡದ ಯಂತ್ರವಿದ್ದರೆ, ಅದನ್ನು ಪ್ರಶ್ನಿಸಲು ಯಾರ ಬಾಗಿಲನ್ನು ತಟ್ಟಬೇಕು? ಲೇಖಕರ ಹೆಸರು, ಅವರ ವೃತ್ತಿಯ ದಾಖಲೆ, ಪರಿಷ್ಕರಣೆಯ ವರ್ಷ ಇವನ್ನು ಕೊಳ್ಳುವ ಮುನ್ನ ಬೇರೆಡೆ ಹುಡುಕಿ ನೋಡುವುದು ಈಗ ಕನಿಷ್ಠ ಎಚ್ಚರಿಕೆ.

ಪ್ರಕಾಶಕರು ಏನನ್ನೂ ಮಾಡಲಾರರು ಎಂದೇನೂ ಇಲ್ಲ. ಮಿದುಳಿನ ಕ್ಯಾನ್ಸರನ್ನು ಆಹಾರ ಮತ್ತು ಪರ್ಯಾಯ ಚಿಕಿತ್ಸೆಗಳಿಂದ ನಿಭಾಯಿಸುತ್ತಿರುವುದಾಗಿ ಹೇಳಿಕೊಂಡಿದ್ದ ಬೆಲ್ ಗಿಬ್ಸನ್ ಎಂಬ ಆಸ್ಟ್ರೇಲಿಯಾದ ಲೇಖಕಿಯ ಪುಸ್ತಕವನ್ನು ಪೆಂಗ್ವಿನ್ 2014ರಲ್ಲಿ ಹೊರತಂದಿತು; ಅವರಿಗೆ ಕ್ಯಾನ್ಸರ್ ಇರಲೇ ಇಲ್ಲ ಎಂಬುದು ಮರುವರ್ಷ ಹೊರಬಿತ್ತು. ಫೆಡರಲ್ ನ್ಯಾಯಾಲಯ 2017ರಲ್ಲಿ ಆಕೆಗೆ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದಕ್ಕೂ ಮೊದಲೇ, ಆಕೆಯ ಮಾತುಗಳ ಸತ್ಯಾಸತ್ಯತೆಯನ್ನು ಪರಿಶೀಲಿಸದಿದ್ದ ಪ್ರಕಾಶಕರು ಗ್ರಾಹಕ ನಿಧಿಗೆ 30,000 ಡಾಲರ್ ಕೊಡಲು ಮತ್ತು ಮುಂದೆ ನೈಸರ್ಗಿಕ ಚಿಕಿತ್ಸೆಯ ಬಗೆಗಿನ ಹೇಳಿಕೆಗಳಿರುವ ಪುಸ್ತಕಗಳಲ್ಲಿ ಎದ್ದುಕಾಣುವ ಎಚ್ಚರಿಕೆಯನ್ನು ಮುದ್ರಿಸಲು ಒಪ್ಪಿಕೊಂಡರು. ಒಂದು ವೈದ್ಯಕೀಯ ಪತ್ರವನ್ನು ತೋರಿಸಿ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿದ್ದರೆ ಆ ಪುಸ್ತಕ ಬರುತ್ತಲೇ ಇರಲಿಲ್ಲ. ಸೆನ್ಸಾರ್ ಇಲ್ಲದೆಯೂ ಸಾಧ್ಯವಾಗುವ ಕೆಲಸ ಇದು.

ಚರಕ ಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯ ರೋಗಗಳನ್ನು ಸುಲಭಸಾಧ್ಯ, ಕಷ್ಟಸಾಧ್ಯ, ಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದಾದ ಯಾಪ್ಯ, ಮತ್ತು ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯವಾದುದನ್ನು ಗುರುತಿಸದೆ ಕೈಹಾಕುವ ವೈದ್ಯನಿಗೆ ಹಣ, ವಿದ್ಯೆ, ಯಶಸ್ಸುಗಳ ನಷ್ಟವಾಗುತ್ತದೆ ಎಂದು ಎಚ್ಚರಿಸುತ್ತದೆ. ಪ್ರಾಚೀನ ಪರಂಪರೆಯ ಹೆಸರನ್ನು ಮುಖಪುಟದಲ್ಲಿ ಹೊತ್ತ ಹೊಸ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಪರಿವಿಡಿಯಲ್ಲಿ ಹುಡುಕುವುದು ಈ ನಾಲ್ಕನೆಯ ವರ್ಗವನ್ನು: ಈ ಪದ್ಧತಿಯಿಂದ ಗುಣವಾಗದ ರೋಗಗಳು ಯಾವುವು, ಯಾವ ಲಕ್ಷಣ ಕಂಡ ಕೂಡಲೇ ಪುಸ್ತಕವನ್ನು ಮುಚ್ಚಿಟ್ಟು ಆಸ್ಪತ್ರೆಗೆ ಹೊರಡಬೇಕು ಎಂಬ ಪುಟವನ್ನು.